ನೂರು ಗಂಟೆಯ ಸೇವೆ

ಕುಡಿದು ಕಾರು ಓಡಿಸಿ ಒಬ್ಬನ ಪ್ರಾಣ ತೆಗೆದ ಬಟ್ಟೆ ಅಂಗಡಿ ಸಾಹುಕಾರನಿಗೆ ಏನು ಶಿಕ್ಷೆ ಕೊಡಬೇಕೆಂದು ನ್ಯಾಯಾಲಯ ಮೂರು ವಾಯಿದೆ ತಲೆ ಕೆಡಿಸಿಕೊಂಡಿತು. ಜೈಲೆಂದರೆ ಅವನಿಗೆ ಸೊಂಟನೋವು. ದಂಡವೆಂದರೆ ಅವನಿಗದು ಯಾವ ಲೆಕ್ಕ? ಬುದ್ಧಿ ಹೇಳಿ ಬಿಟ್ಟರೆ ಪತ್ರಿಕೆಯವರು ಬಿಡುವುದಿಲ್ಲ. ಕೊನೆಗೆ ನೂರು ಗಂಟೆ ಸಮುದಾಯ ಸೇವೆ, ಅದನ್ನು ಸರಿಯಾಗಿ ಮಾಡದಿದ್ದರೆ ಎರಡು ವರ್ಷ ಜೈಲು ಎಂದು ತೀರ್ಪಾಯಿತು. ಸೇವೆ ಎಲ್ಲೆಂದು ಗೊತ್ತುಮಾಡುವ ಕಚೇರಿಯಲ್ಲಿ ಸಂಸ್ಥೆಗಳದೊಂದು ಪಟ್ಟಿಯಿತ್ತು. ಆ ಸಲದ ಸರದಿ ಊರಿನ ಗ್ರಂಥಾಲಯದ್ದು. ಸತ್ತವನ ಹೆಂಡತಿ ಅಲ್ಲೇ ಗುಮಾಸ್ತೆಯೆಂದು ತಿಳಿಸುವ ಕಾಲಂ ಪಟ್ಟಿಯಲ್ಲಿರಲಿಲ್ಲ.

ಸಾಹುಕಾರನಿಗೆ ಅವಳ ಗುರುತು ಸಿಗಲಿಲ್ಲ. ನ್ಯಾಯಾಲಯದಲ್ಲಿ ಅವನು ನೋಡಿದ್ದು ತನ್ನ ವಕೀಲನ ಮುಖವನ್ನಷ್ಟೇ.

"ಎಲ್ಲಿ ಸೈನ್ ಮಾಡ್ಬೇಕು ಮೇಡಂ?"

ಅವಳು ಬೆರಳಿಟ್ಟು ತೋರಿಸಿದಳು.

ಹಳೆಯ ಪುಸ್ತಕಗಳ ಧೂಳು ಒರೆಸುವುದು ಅವನ ಕೆಲಸ. "ಧೂಳು ನಂಗಾಗಲ್ಲ ಸರ್, ಸೀನು ಹತ್ಕೊಂಡ್ಬಿಡುತ್ತೆ" ಎಂದ. ಗ್ರಂಥಪಾಲಕರು ಕರಗಿ ನೀರಾದರು.

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಬನ್ನಿ, ಫ್ಯಾನ್ ಕೆಳಗೆ ಕೂತ್ಕೊಳ್ಳಿ."

ದಿನಕ್ಕೆರಡು ಗಂಟೆಯಂತೆ ಐವತ್ತು ದಿನ ಅವನು ಫ್ಯಾನಿನ ಕೆಳಗೆ ಕೂತು ಸಮುದಾಯದ ಸೇವೆ ಮಾಡಿದ. ಪದಬಂಧ ಬಿಡಿಸಿದ, ನಿದ್ದೆ ತೆಗೆದ. ಧೂಳನ್ನು ಅವಳೇ ಒರೆಸಿದಳು.

ಕೊನೆಯ ದಿನ ಗ್ರಂಥಪಾಲಕರು ನ್ಯಾಯಾಲಯದ ಫಾರಂ ಅನ್ನು ಅವಳ ಮೇಜಿನ ಮೇಲಿಟ್ಟರು. ಹಾಜರಿ ನೋಡಿಕೊಂಡವರೇ ಸಹಿ ಹಾಕಬೇಕಿತ್ತು.

"'ತೃಪ್ತಿಕರ' ಅಂತ ಬರ್ದು ಒಂದು ಸೈನ್ ಹಾಕ್ಬಿಡಮ್ಮ. ಇಲ್ದಿದ್ರೆ ಪಾಪ, ಒಳಗೆ ಹೋಗ್ತಾರೆ."

ಅವಳು ಫಾರಂ ಅನ್ನು ಮೊದಲಿಂದ ಓದತೊಡಗಿದಳು. ಅವರು ಬಗ್ಗಿ ದನಿ ತಗ್ಗಿಸಿದರು. "ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ. ಆದ್ರೆ ಇವ್ರು ಜೈಲಿಗೆ ಹೋದ್ರೆ ನಿನ್ನ ಗಂಡ ವಾಪಸ್ ಬರ್ತಾನಾ?"

"ಇಲ್ಲ ಸರ್. ಇವ್ರು ಬರ್ತಾರೆ. ಎರಡೇ ವರ್ಷ."

'ಮಾಡಿದ ಕೆಲಸ' ಎಂಬ ಕಾಲಮಿನಲ್ಲಿ ಅವಳು ಬರೆಯತೊಡಗಿದಳು. ಒಂದನೇ ದಿನ: ಕುರ್ಚಿಯಲ್ಲಿ ಕೂತರು. ಎರಡನೇ ದಿನ: ಕುರ್ಚಿಯಲ್ಲಿ ಕೂತರು. ಮೂರನೇ ದಿನ: ಕೂತಲ್ಲೇ ಮಲಗಿದರು.

"ಇಷ್ಟೊತ್ತು ಏನ್ ಬರೀತಿದೀರಾ ಮೇಡಂ?" ಸಾಹುಕಾರ ಎದ್ದು ಬಂದ.

"ಐವತ್ತು ದಿನದ್ದು ಬರೀಬೇಕಲ್ಲ."

ಅವನು ಓದಿದ. "ಹೀಗ್ ಬರೆದ್ರೆ ನಾನು ಕೆಟ್ಟೆ! ನಾನೇನು ಅನ್ಯಾಯ ಮಾಡಿದೀನಿ ನಿಮ್ಗೆ?" ಎಂದ, ನಿಜವಾಗಿಯೂ ಗೊತ್ತಿಲ್ಲದೆ.

ಗ್ರಂಥಪಾಲಕರು ನೆಲ ನೋಡಿದರು. ಅವಳು ಐವತ್ತನೇ ದಿನವನ್ನೂ ತುಂಬಿ, ಸಹಿ ಹಾಕಿ, ಮೊಹರು ಒತ್ತಿದಳು.