ಕನ್ನಡಿಯಲ್ಲಿ ನಾಲ್ಕು ಸೆಕೆಂಡು

ಕೆಳಗೆ ಮಾವನ ಸ್ಟುಡಿಯೊ, ಮೇಲೆ ಮನೆ. ನಡುವೆ ಹದಿನಾಲ್ಕು ಮೆಟ್ಟಿಲು. ನನ್ನ ಗಂಡ ತೀರಿಹೋದ ಮೇಲೆ ನಾನು ಓಡಾಡಿದ್ದು ಅಷ್ಟೇ.

ಹಾಡಿನ ಕಂಪನಿಯೊಂದು ತನ್ನ ಹಳೆಯ ವಿಡಿಯೊಗಳ ಟೇಪುಗಳನ್ನು ಕಳಿಸಿದೆ. ಅವನ್ನು ಕಂಪ್ಯೂಟರಿಗೆ ಇಳಿಸಿ, ಚಿತ್ರದ ಎರಡೂ ಬದಿ ಕತ್ತರಿಸಿ ಫೋನಿಗೆ ಹೊಂದುವಂತೆ ನಿಲುವಾಗಿಸುವುದು ನನ್ನ ಕೆಲಸ. ಮೊದಮೊದಲಿನವುಗಳಲ್ಲಿ ಗಾಯಕ ಪರದೆಯ ಮುಂದೆ ಕೈಕಟ್ಟಿ ನಿಂತಿರುತ್ತಾನೆ. ಕ್ಯಾಮೆರಾ ಒಂದೇ, ಅದೂ ಕದಲುವುದಿಲ್ಲ. ಆಮೇಲಿನವುಗಳಲ್ಲಿ ಹೊಗೆ ಬರುತ್ತದೆ, ಕೂದಲು ಹಾರಿಸಲು ಟೇಬಲ್ ಫ್ಯಾನ್ ಬರುತ್ತದೆ. ಇನ್ನೂ ಆಮೇಲೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಊರು ಬದಲಾಗುತ್ತವೆ. ಎಲ್ಲವನ್ನೂ ಈಗ ಬಾಗಿಲ ಸಂದಿಯಷ್ಟು ಅಗಲಕ್ಕೆ ತರಬೇಕು. ಪಕ್ಕದಲ್ಲಿದ್ದವರು ಹೊರಗೆ.

ಮೂವತ್ತೊಂದನೆಯ ಹಾಡು ನನ್ನ ಗಂಡ ಚಿತ್ರೀಕರಿಸಿದ್ದು. ಚಿತ್ರದಲ್ಲಿ ಗಾಯಕಿಯ ಎಡಕ್ಕೆ, ಅಂಚಿನಲ್ಲಿ, ಬೀರುವಿನ ಕನ್ನಡಿ. ಅದರಲ್ಲಿ ನಾಲ್ಕು ಸೆಕೆಂಡು, ಕ್ಯಾಮೆರಾ ಹೊತ್ತ ಅವರೇ ಕಾಣುತ್ತಾರೆ. "ಕಣ್ಣು ಎಲ್ಲಿಟ್ಟಿದ್ಯೋ" ಎಂದು ಮಾವ ಅಂದು ಬೈದಿದ್ದರಂತೆ. ನನ್ನ ಗಂಡ ಓಡಾಡುವ ಚಿತ್ರ ಇದೊಂದೇ. ಉಳಿದದ್ದೆಲ್ಲ ಅವರು ತೆಗೆದದ್ದು.

ಆ ಟೇಪು ಬಂದ ದಿನದಿಂದ ಅತ್ತೆ ಹನ್ನೊಂದಕ್ಕೆ ಸರಿಯಾಗಿ ಕೆಳಗಿಳಿದು ನನ್ನ ಪಕ್ಕ ಕೂರುತ್ತಾರೆ.

"ಒಂದ್ಸಲ ಹಾಕಮ್ಮ. ನಿನ್ನ ಗಂಡನ ಪಾರ್ಟು ಬರ್ಲಿ."

ಹಾಕುತ್ತೇನೆ.

"ನೋಡು, ಹೊಟ್ಟೆ ಒಳಗೆ ಎಳ್ಕೊಂಡಿದ್ದಾನೆ, ಕಳ್ಳ," ಎಂದು ನಗುತ್ತಾರೆ. ನಾನೂ ನಗಬೇಕು. ಒಂದು ಸಲ ಎಂದರೆ ನಾಲ್ಕು ಸಲ.

ನಿನ್ನೆ ಮಾವ ಹೇಳಿದರು: "ಬೆಳಿಗ್ಗೆ ಎಲ್ಲಾ ಟೇಪು ವಾಪಸ್ ಹೋಗ್ಬೇಕು. ಕಂಪ್ಯೂಟರ್‌ನಲ್ಲೂ ಇಟ್ಕೊಳ್ಳಲ್ಲ ಅಂತ ಬರ್ಕೊಟ್ಟಿದ್ದೀನಿ. ನಮ್ಮ ಹತ್ರ ಉಳಿಯೋದು ನೀನು ಕತ್ತರಿಸಿದ್ದು ಮಾತ್ರ." ಬಾಗಿಲವರೆಗೆ ಹೋಗಿ ತಿರುಗಿದರು. "ಚೌಕಟ್ಟು ಚೂರು ಎಡಕ್ಕೆ ಜರುಗಿಸಿದ್ರೆ ಯಾರಿಗೆ ಗೊತ್ತಾಗುತ್ತೆ, ತಾಯಿ."

ಜರುಗಿಸಿದರೆ ಕನ್ನಡಿಯಲ್ಲಿ ನನ್ನ ಗಂಡ ಉಳಿಯುತ್ತಾರೆ. ಹನ್ನೊಂದು ಗಂಟೆಯೂ ಉಳಿಯುತ್ತದೆ, ನಾನು ನಗಬೇಕಾದದ್ದೂ.

ನಾನು ಚೌಕಟ್ಟನ್ನು ಗಾಯಕಿಯ ಮೇಲೇ ಇಟ್ಟೆ. ಬೆಳಿಗ್ಗೆ ಟೇಪುಗಳು ಡಬ್ಬ ಸೇರಿ ಹೋದವು. ಏನೂ ಅನ್ನಿಸಲಿಲ್ಲ. ಅದೇ ಸಮಾಧಾನ.

ಹನ್ನೊಂದಕ್ಕೆ ಅತ್ತೆ ಬಂದರು. ಹಾಕಿದೆ. ಗಾಯಕಿ ಬಂದಳು, ಹಾಡಿದಳು, ಹಾಡು ಮುಗಿಯಿತು.

ಅತ್ತೆ ಕುರ್ಚಿಯನ್ನು ಎಡಕ್ಕೆ ಎಳೆದುಕೊಂಡು, ಗೋಡೆಯ ಮರೆಯಲ್ಲಿ ಯಾರನ್ನೋ ಇಣುಕಿ ನೋಡುವವರಂತೆ ಕತ್ತು ಬಾಗಿಸಿದರು.

"ಎಲ್ಲೋ ಪಕ್ಕಕ್ಕೆ ಹೋಗಿದ್ದಾನೆ. ಇನ್ನೊಂದ್ಸಲ ಹಾಕು, ಬರ್ತಾನೆ."

ಹಾಕಿದೆ.

ಇಷ್ಟು ದಿನ ಮಗನನ್ನು ಕಂಡ ಮೇಲೆ ಅತ್ತೆ ಎದ್ದು ಹೋಗುತ್ತಿದ್ದರು. ಇವತ್ತು ಇನ್ನೂ ಎದ್ದಿಲ್ಲ.