ದೊಡ್ಡತಾಯಮ್ಮನ ಎಡೆಗೆ ಹುರುಳಿಸಾರು

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ರಾಮಣ್ಣನ ಮುದ್ದೆ ಹೋಟೆಲಿತ್ತು. ಐವತ್ತೆಂಟನೇ ಇಸವಿಯಲ್ಲಿ, ಗಂಡ ತೀರಿಕೊಂಡ ಮೇಲೆ, ನುಗ್ಗೇಹಳ್ಳಿಯ ಹೊನ್ನಕ್ಕ ಅಲ್ಲಿ ಅಡುಗೆಗೆ ಸೇರಿದಳು. ರಾಮಣ್ಣ ಹಾಕಿದ ಷರತ್ತು ಒಂದೇ: ಹುರುಳಿಸಾರು ತನ್ನ ಅವ್ವನ ಸಾರಿನ ಹಾಗೇ ಇರಬೇಕು.

ಹೋಟೆಲು ಶುರುವಾದದ್ದೇ ಆ ಅವ್ವ ದೊಡ್ಡತಾಯಮ್ಮನ ಕೈಯಿಂದ. ಈಗ ಕೈ ನಡುಗುತ್ತಿದ್ದುದರಿಂದ ಮುದುಕಿ ಅಡುಗೆಮನೆಯ ಬಾಗಿಲ ಬಳಿ ಕೂತು, ಅಂಗೈಗೆ ತೊಟ್ಟು ಸಾರು ಬಿಡಿಸಿಕೊಂಡು ನೆಕ್ಕಿ, ಅಪ್ಪಣೆ ಕೊಡುತ್ತಿದ್ದಳು.

"ಉಪ್ಪು ಸಾಲ್ದು ಕಣವ್ವ. ಇನ್ನೊಂದೀಟು ಉಳಿ ಬುಡು."

ಹೊನ್ನಕ್ಕ ಹೇಳಿದಷ್ಟೂ ಉಪ್ಪು ಹಾಕಿ, ಹುಳಿ ಬಿಡುತ್ತಿದ್ದಳು. ಉಂಡವರು ಚೊಂಬುಗಟ್ಟಲೆ ನೀರು ಕುಡಿದು ಏಳುತ್ತಿದ್ದರು. "ಇದೇನಮ್ಮಿ, ಉಪ್ಪಿನ ಮೂಟೇನೇ ಸುರುದ್ಬುಟ್ಟಿದ್ದೀಯ?" ಎಂದು ಅರಕಲಗೂಡು ಬಸ್ಸಿನ ಡ್ರೈವರ್ ಪಾಪಯ್ಯ ಕೂಗಿದರೆ, ಬೈಗುಳವೆಲ್ಲ ಅವಳ ಪಾಲಿಗೆ. ಗಂಡನ ಮನೆಯಲ್ಲೂ ಹಾಗೇ ಆಗಿತ್ತು. ಅಡುಗೆ ಕೆಟ್ಟರೆ ಸೊಸೆಯದು, ಚೆನ್ನಾಗಿದ್ದರೆ ಅತ್ತೆಯದು. ಯಾರಾದರೂ ಒಬ್ಬರು, ಒಂದೇ ಒಂದು ಸಲ, 'ಇದು ಹೊನ್ನಕ್ಕನ ಕೈರುಚಿ' ಎಂದರೆ ಸಾಕೆಂದು ಅವಳ ಜೀವ ಕಾದಿತ್ತು.

ಆ ಮಳೆಗಾಲದಲ್ಲಿ ದೊಡ್ಡತಾಯಮ್ಮ ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು, ಒಳಕೋಣೆಯಲ್ಲಿ ಹಾಸಿಗೆ ಹಿಡಿದಳು. ಬಾಗಿಲು ಖಾಲಿಯಾಯಿತು. ಹೊನ್ನಕ್ಕ ಕೊಬ್ಬರಿಯನ್ನು ಪಕ್ಕಕ್ಕೆ ಸರಿಸಿ, ಊರಿಂದ ತಂದಿದ್ದ ಹುಚ್ಚೆಳ್ಳನ್ನು ಹುರಿದಳು. ಈರುಳ್ಳಿ, ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟು ಒರಳಿಗೆ ಹಾಕಿದಳು. ಮೊದಲ ದಿನ ಹುಚ್ಚೆಳ್ಳು ಸೀದು ಸಾರು ಕಹಿಯಾಯಿತು. ಮರುದಿನ ಹದವಾಗಿ ಹುರಿದು, ರುಬ್ಬುವ ಬದಲು ಕುಟ್ಟಿ, ಇಳಿಸುವ ಹೊತ್ತಿಗೆ ಉದುರಿಸಿದಳು. ಘಮ ಬೀದಿಗೆ ಹೋಯಿತು. ಸೌಟಿನ ಸಾರು ಬಾಯಿಗೆ ಬಿಟ್ಟುಕೊಂಡು ಅವಳು ಹಾಗೇ ನಿಂತಳು. ಇದು ಯಾರೂ ಹೇಳಿಕೊಟ್ಟದ್ದಲ್ಲ.

ಪಾಪಯ್ಯ ಎರಡನೇ ಮುದ್ದೆ ಕೇಳಿದ. "ರಾಮಣ್ಣೋ, ತಾಯಮ್ಮನ ಕೈರುಚಿ ವಾಪಸ್ ಬಂದ್ಬುಡ್ತು ಕಣಯ್ಯ!"

ರಾಮಣ್ಣ ಹಿಗ್ಗಿಹೋದ. ಯುಗಾದಿಯ ಹೊತ್ತಿಗೆ 'ದೊಡ್ಡತಾಯಮ್ಮನ ಹೋಟೆಲು' ಎಂದು ಬೋರ್ಡನ್ನೇ ಬರೆಸಿದ.

ನಿಜ ಹಿಡಿದವಳು ದೊಡ್ಡತಾಯಮ್ಮ ಒಬ್ಬಳೇ. ಉಣಿಸಲು ಬಂದ ಹೊನ್ನಕ್ಕನ ಸೆರಗು ಹಿಡಿದು ಹೇಳಿದಳು: "ನನ್ನ ನಾಲ್ಗೆ ಸತ್ತು ಎಷ್ಟೋ ದಿನ ಆಯ್ತು ಮಗ. ಯೋಳ್ಕಳಕ್ಕೆ ನಾಚ್ಕೆ ಆಗಿ ಸುಮ್ನಿದ್ದೆ. ಕಿವಿ ಐತಲ್ಲ, ಜನ ಸೊರಸೊರ ಉಣ್ಣೋದು ಕೇಳುಸ್ತದೆ. ನನ್ನ ಸಾರ್ನ ಯಾರೂ ಇಂಗೆ ಉಂಡಿಲ್ಲ."

ಅಂದಿನಿಂದ ಮುದುಕಿ ತನಗೆ ಕೊಟ್ಟ ವೀಳ್ಯದೆಲೆಯಲ್ಲಿ ಒಂದನ್ನು ಹೊನ್ನಕ್ಕನಿಗೆಂದು ದಿಂಬಿನ ಕೆಳಗೆ ಎತ್ತಿಡತೊಡಗಿದಳು. ಮಗನಿಗೂ ಹೇಳಿದಳು: "ಲೇ ರಾಮ, ಈ ಸಾರು ಒನ್ನಕ್ಕಂದು ಕಣ್ಲಾ."

"ಅವ್ವಂಗೆ ಅರಳುಮರಳು" ಎಂದು ರಾಮಣ್ಣ ನಕ್ಕ.

ಸತ್ತವರ ಎಡೆಗೆ ಅವರದೇ ರುಚಿಯ ಊಟ ಇಡುವುದು ವಾಡಿಕೆ. ಕೊನೆಯ ದಿನಗಳಲ್ಲಿ ದೊಡ್ಡತಾಯಮ್ಮ, ನಾಲಗೆ ನೆಟ್ಟಗಿದ್ದಾಗ ತಾನು ಮಾಡುತ್ತಿದ್ದ ಸಾರಿನ ಬಗೆಯನ್ನು ಹೊನ್ನಕ್ಕನಿಗೆ ಬಿಡಿಸಿ ಹೇಳಿದಳು. ಧನಿಯ ಜಾಸ್ತಿ, ಹುಳಿ ಕಡಿಮೆ, ಕೊಬ್ಬರಿ ನುಣ್ಣಗೆ. "ನನ್ನೆಡೆಗೆ ಅದ್ನೇ ಮಡಗವ್ವ. ಆಗ ಯಾವ್ದು ನಂದು, ಯಾವ್ದು ನಿಂದು ಅಂತ ಎಲ್ರಿಗೂ ಗೊತ್ತಾಯ್ತದೆ."

ಮುದುಕಿ ತೀರಿಕೊಂಡಳು. ತಿಥಿಯ ದಿನ ಹೊನ್ನಕ್ಕ ಅವಳು ಹೇಳಿದ್ದ ಹಾಗೇ ಸಾರು ಮಾಡಿದಳು. ಎಡೆಗಿಟ್ಟ ಮೇಲೆ ಬಂದವರಿಗೂ ಅದೇ ಸಾರು. ಬಾಗಿಲ ಮರೆಯಲ್ಲಿ ನಿಂತು ಕಾದಳು.

ಕೊಣನೂರಿನಿಂದ ಬಂದಿದ್ದ ಮುದುಕಿಯ ತಮ್ಮ ಕೆಂಪಣ್ಣ ಮೊದಲ ತುತ್ತಿಗೇ ಮುಖ ಕಿವುಚಿದ. "ಅಕ್ಕ ಓದ್ಲು, ಕೈರುಚಿನೂ ತಕ್ಕೊಂಡೋದ್ಲು. ಸಪ್ಪೆ ನೀರು! ಯಾರ್ಲಾ ಮಾಡಿದ್ದು?"

"ಇನ್ಯಾರು? ಇದು ಒನ್ನಕ್ಕನ ಕೈರುಚಿ ಕಣಪ್ಪ" ಎಂದು ಪಾಪಯ್ಯ ಎಲೆ ಮಡಿಸಿದ. ಪಂಕ್ತಿಯೆಲ್ಲ ನಕ್ಕಿತು.

ಹೊನ್ನಕ್ಕ ರಾಮಣ್ಣನನ್ನು ಹಿತ್ತಿಲಿಗೆ ಕರೆದಳು. "ಅಣ್ಣ, ಇದೇ ನಿಮ್ಮವ್ವನ ಸಾರು. ದಿನಾ ಮಾಡೋದು ನಂದು. ಅವ್ವ್ನೇ ಯೋಳಿದ್ರಲ್ಲ."

"ಕೆಡ್ಸಿದ್ದು ನೀನು, ಸತ್ತೋಳ ಮ್ಯಾಲೆ ಆಕ್ತೀಯಾ? ನಾಳೆಯಿಂದ ಅವ್ವನ ಸಾರೇ ಮಾಡು, ಉಚ್ಚೆಳ್ಳು ಆಕಿ. ಆಗ್ದಿದ್ರೆ ಅಗೋ, ನುಗ್ಗೇಹಳ್ಳಿ ಬಸ್ಸು ನಿಂತದೆ."

ಎಲ್ಲರೂ ಹೋದ ಮೇಲೆ ಅವಳು ಉಳಿದ ಸಾರಿನ ಮುಂದೆ ಮುದ್ದೆ ಇಟ್ಟುಕೊಂಡು ಕೂತಳು. ಮೆತ್ತನೆಯ, ಒಳ್ಳೆಯ ಸಾರು. ಅವಸರವೇ ಇಲ್ಲದ ರುಚಿ. ಹೆತ್ತ ಮಗನೂ ಅದನ್ನು ಮರೆತಿದ್ದ. ಹೊನ್ನಕ್ಕ ತಳ ಬಳಿದು ಉಂಡಳು. ಕೈ ತೊಳೆದು, ನಾಳೆಗೆಂದು ಹುಚ್ಚೆಳ್ಳು ಹುರಿಯಲು ಎದ್ದಳು.