ಆರನೇ ಟೇಬಲ್ಲಿನ ಚಾಕು

ಆರನೇ ಟೇಬಲ್ಲಿನ ಚಾಕು ಒಬ್ಬನ ಸ್ವತ್ತಾಗಿಬಿಟ್ಟಿತ್ತು. ಮೆಡಿಕಲ್ ಕಾಲೇಜು ಸೇರಿದಾಗಿನಿಂದ ಶವ ಕೊಯ್ಯುವವನು ಅವನು, ಪಕ್ಕದಲ್ಲಿ ನಿಂತು ಪುಸ್ತಕ ಗಟ್ಟಿಯಾಗಿ ಓದುವವಳು ಅವಳು. ಅವನ ತಾಯಿ ಹೆಸರುವಾಸಿ ಸರ್ಜನ್. ಮೊದಲ ವರ್ಷದಲ್ಲೇ ಕ್ಲಾಸಿನವರು ಅವನನ್ನು 'ಸರ್ಜನ್ ಸಾಹೇಬ' ಎಂದು ಕರೆದರೆ ಪುಣ್ಯಾತ್ಮ ಅದನ್ನು ಬಿರುದೆಂದೇ ತಿಳಿದು ಬೀಗುತ್ತಿದ್ದ. ಅವಳಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿ.

ಹೋದ ವಾರ ಈ ಸಾಹೇಬರು ಬಲ ಮೊಣಕೈಯ ಹಿಂದಿನ ಕೊಬ್ಬು ತೆಗೆಯುವ ಭರದಲ್ಲಿ ನರವನ್ನೂ ಕತ್ತರಿಸಿಬಿಟ್ಟರು. ಅದು ನರವೆಂದು ಅವನಿಗೆ ಗೊತ್ತೇ ಆಗಲಿಲ್ಲ. ಪುಸ್ತಕ ಓದುತ್ತಿದ್ದ ಅವಳಿಗೆ ಗೊತ್ತಾಯಿತು. ನರ ತುಂಡರಿಸಿದವರು ವರ್ಷವಿಡೀ ಚಾಕು ಮುಟ್ಟುವಂತಿಲ್ಲ ಎಂಬುದು ಅನಾಟಮಿ ಕಲಿಸುವ ಮೇಡಂ ಮಾಡಿದ ಕಾನೂನು. ಮೇಡಂ ಕಣ್ಣಿಗೆ ತಾನಾಗಿಯೇ ಬೀಳಲಿ, ಇವನ ಸೊಕ್ಕು ಇಳಿಯಲಿ, ಚಾಕು ತನಗೆ ಬರಲಿ ಎಂದು ಅವಳು ತುಟಿ ಬಿಚ್ಚಲಿಲ್ಲ.

ಇವತ್ತು ಬೆಳಿಗ್ಗೆ ಮೇಡಂ ಚಾಕನ್ನು ಅವಳ ಕೈಗೇ ಕೊಟ್ಟರು. "ಎಷ್ಟು ದಿನ ಅಂತ ಪುರಾಣ ಓದ್ತೀಯಾ? ಬಲ ಮೊಣಕೈ ನೀನು ಕೊಯ್ದು ಬಿಡಿಸಿ ತೋರಿಸು. ಚೆನ್ನಾಗಿ ಮಾಡಿದ್ರೆ ಇನ್ಮೇಲೆ ಚಾಕು ನಿಂದೇ."

ಶವ ಕೆಡದಂತೆ ಹಾಕುವ ಫಾರ್ಮಲಿನ್ ಘಾಟಿಗೆ ಕಣ್ಣು ಉರಿಯುತ್ತಿತ್ತು. ಅವಳು ಶವದ ಬಲಗೈ ಮೇಲಿನ ಒದ್ದೆ ಬಟ್ಟೆ ಸರಿಸಿದಳು.

"ಚಾಕು ಹಿಡಿಯೋದು ಹಾಗಲ್ಲ ಕಣೇ," ಎಂದ ಸಾಹೇಬ.

"ಬಾಯಿ ಮುಚ್ಕೊಂಡು ಪುಸ್ತಕ ಓದು. ಅದಾದ್ರೂ ಬರುತ್ತೆ ತಾನೆ?"

ಚರ್ಮದ ಪದರ ಎತ್ತಿದ್ದೇ ತಡ, ನರದ ಎರಡು ತುಂಡುಗಳು ಕಂಡವು. ಅವನು ಹಾಲ್ ಪೂರ್ತಿ ಕೇಳುವಂತೆ ಕೂಗಿದ: "ಮೇಡಂ, ಇವಳು ನರ ಕತ್ತರಿಸಿಬಿಟ್ಲು!"

ಮೇಡಂ ಬಂದರು. ಅವಳು ಹೆದರಲಿಲ್ಲ. "ತುದಿ ನೋಡಿ ಮೇಡಂ. ಒಣಗಿ ಕಂದು ಬಣ್ಣಕ್ಕೆ ತಿರುಗಿದೆ. ಈಗ ಕತ್ತರಿಸಿದ್ರೆ ಬೆಳ್ಳಗೆ ಇರ್ತಿತ್ತು."

ಮೇಡಂ ಬಗ್ಗಿ ಇಕ್ಕಳದಿಂದ ತುದಿಗಳನ್ನು ಹೊರಳಿಸಿದರು. "ಹೌದು, ಹಳೇದು."

ಸಾಹೇಬನ ಮುಖ ಸಪ್ಪಗಾಯಿತು. ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಯಾರೂ ಕೇಳದಿದ್ದರೂ ಹೇಳಿದಳು: "ಹೋದ ವಾರ ಇವನೇ ಮಾಡಿದ್ದು, ಕೊಬ್ಬು ಅಂದ್ಕೊಂಡು. ಅವನಿಗೆ ಗೊತ್ತೂ ಆಗ್ಲಿಲ್ಲ. ನಾನು ಕಣ್ಣಾರೆ ನೋಡಿದೆ."

ಮೇಡಂ ಟೇಬಲ್ ಸುತ್ತಿ ಆಚೆ ಬದಿಗೆ ಹೋಗಿ, ಅವನು ನಿನ್ನೆ ಬಿಡಿಸಿದ್ದ ಎಡ ಮೊಣಕೈ ಮೇಲಿನ ಬಟ್ಟೆ ತೆಗೆದರು. ಅಲ್ಲೂ ಅದೇ ನರ, ಅದೇ ಜಾಗದಲ್ಲಿ ಎರಡು ತುಂಡು.

"ಇದೂ ಕೊಬ್ಬು ಅಂದ್ಕೊಂಡ್ಯೇನಪ್ಪಾ?"

ಮೇಡಂ ಅವಳತ್ತ ತಿರುಗಿದರು.

"ಇವನಿಗೆ ಗೊತ್ತಿರ್ಲಿಲ್ಲ, ನಿನಗೆ ಗೊತ್ತಿತ್ತು. ಹೋದ ವಾರ ನೀನು ಒಂದು ಮಾತು ಹೇಳಿದ್ದಿದ್ರೆ ಈ ಕೈ ಉಳೀತಿತ್ತು. ಇದನ್ನ ಕತ್ತರಿಸಿದ್ದು ಇಬ್ರೂ."

ಮೇಡಂ ಅವಳ ಬೆರಳುಗಳ ನಡುವಿನಿಂದ ಚಾಕು ಬಿಡಿಸಿಕೊಂಡು ಐದನೇ ಟೇಬಲ್ಲಿನತ್ತ ನಡೆದರು. "ನೀವಿಬ್ರೂ ವರ್ಷ ಮುಗಿಯೋತನಕ ಈ ಟೇಬಲ್ಲಿನವರ ಹಿಂದೆ ನಿಂತು ನೋಡಿ."

ಚಾಕು ಹೋದ ಸಂಕಟಕ್ಕಿಂತ ಆ 'ಇಬ್ರೂ' ಎಂಬ ಮಾತೇ ಅವಳಿಗೆ ಹೆಚ್ಚು ಚುಚ್ಚಿತು. ಐದನೇ ಟೇಬಲ್ಲಿನ ಸುತ್ತ ನಿಂತವರ ಬೆನ್ನ ಹಿಂದೆ ಸಾಹೇಬ ಆಗಲೇ ಸೇರಿಕೊಂಡಿದ್ದ. ತುಸು ಸರಿದು ಜಾಗ ಮಾಡಿ ಕೊಟ್ಟು, "ಬಾರೇ, ಇಲ್ಲಿಂದ ಚೆನ್ನಾಗಿ ಕಾಣುತ್ತೆ," ಎಂದ.